ಕಬ್ಬಿಣದ ಅದಿರಿಗೆ ಗಂಜಿ ಹಾಕ್ತಾರಾ? ನೊರೆಯಲ್ಲಿ ಅದಿರು ಶುದ್ಧವಾಗುವುದು ಹೇಗೆ, ಪಾಲಿಮರ್‌ಗೆ ಅಲ್ಲೇನು ಕೆಲಸ

"ಉಕ್ಕು ಮಾಡಲು ಟನ್‌ಗಟ್ಟಲೆ ಜೋಳದ ಹಿಟ್ಟಿನ ಗಂಜಿ ಬಳಸುತ್ತಾರೆ." ಇಂಥ ಒಂದು ಸಾಲು ನಿಮ್ಮ ಫೋನಿಗೆ ಬಂದರೆ ನಂಬುತ್ತೀರಾ? ಬಹುತೇಕರು ನಗುವ ಎಮೋಜಿ ಹಾಕಿ ಮುಂದೆ ಹೋಗುತ್ತಾರೆ. "ಗಣಿಯವರು ಅದಿರು ತೊಳೆಯಲು ಪಾಲಿಮರ್ ಎಂಬ ವಿಷ ಸುರಿಯುತ್ತಾರೆ" ಎಂದು ಬಂದರೆ? ಅದನ್ನು ನಾಲ್ಕು ಗ್ರೂಪ್‌ಗೆ ಕಳಿಸುವವರು ಸಿಗುತ್ತಾರೆ.

ಮೊದಲನೆಯ ಮಾತು ಬಹುಪಾಲು ನಿಜ. ಎರಡನೆಯದು ಅರ್ಧ ತಿಳಿದು ಆಡಿದ ಮಾತು. ತಮಾಷೆಯೆಂದರೆ ಎರಡೂ ಹೇಳುತ್ತಿರುವುದು ಒಂದೇ ವಸ್ತುವಿನ ಬಗ್ಗೆ ಇರಬಹುದು, ಏಕೆಂದರೆ ಗಂಜಿಯೂ ಒಂದು ಪಾಲಿಮರ್. ಬ್ರೆಜಿಲ್, ಅಮೆರಿಕದಂಥ ದೇಶಗಳ ಕೆಲವು ಕಬ್ಬಿಣದ ಅದಿರಿನ ಘಟಕಗಳಲ್ಲಿ ಜೋಳದ ಪಿಷ್ಟ ದಶಕಗಳಿಂದ ನಿತ್ಯದ ಸಾಮಗ್ರಿ. ಅಲ್ಲಿ ಅದು ಏನು ಮಾಡುತ್ತದೆ, ಎಲ್ಲಿ ಸೋಲುತ್ತದೆ, ಅದಕ್ಕೂ ಗಣಿಯ ಕೆಸರಿನ ಅಣೆಕಟ್ಟುಗಳಿಗೂ ಏನು ಸಂಬಂಧ ಎಂದು ಒಂದೊಂದಾಗಿ ನೋಡೋಣ.

ಅದಿರನ್ನು ಶುದ್ಧ ಮಾಡುವುದೇಕೆ?

ಕಬ್ಬಿಣದ ಅದಿರು ಎಂದರೆ ಕಬ್ಬಿಣವಲ್ಲ. ಅದು ಕಬ್ಬಿಣ ಮತ್ತು ಆಮ್ಲಜನಕ ಸೇರಿದ ಖನಿಜ. ಕರ್ನಾಟಕದ ಬಳ್ಳಾರಿ, ಸಂಡೂರು, ಹೊಸಪೇಟೆ ಭಾಗದಲ್ಲಿ ಮುಖ್ಯವಾಗಿ ಸಿಗುವುದು ಹೆಮಟೈಟ್. ಅಪ್ಪಟ ಹೆಮಟೈಟ್‌ನಲ್ಲಿ ತೂಕದ ಸುಮಾರು 70 ಶೇಕಡಾ ಕಬ್ಬಿಣ ಇರುತ್ತದೆ. ಕುದುರೆಮುಖದಲ್ಲಿ ಹೆಚ್ಚಾಗಿದ್ದ ಮ್ಯಾಗ್ನೆಟೈಟ್‌ನಲ್ಲಿ ಸುಮಾರು 72 ಶೇಕಡಾ.

ಆದರೆ ನೆಲದಿಂದ ಅಪ್ಪಟ ಖನಿಜ ಬರುವುದಿಲ್ಲ. ಜೊತೆಗೆ ಬೆಣಚುಕಲ್ಲು, ಜೇಡಿಮಣ್ಣು ಬರುತ್ತವೆ. ಇವು ಊದುಕುಲುಮೆಗೆ ಹೋದರೆ ಕರಗಿ ಕಿಟ್ಟವಾಗುತ್ತವೆ. ಕಿಟ್ಟ ಹೆಚ್ಚಾದಷ್ಟೂ ಅದನ್ನು ಕರಗಿಸಲು ಕೋಕ್ ಹೆಚ್ಚು ಬೇಕು, ಹೊಗೆಯೂ ಹೆಚ್ಚು. ಜೇಡಿಮಣ್ಣಿನಲ್ಲಿರುವ ಅಲ್ಯುಮಿನಾ ಕಿಟ್ಟವನ್ನು ಮಂದವಾಗಿಸುತ್ತದೆ, ಅದು ಸಲೀಸಾಗಿ ಹರಿದು ಹೊರಗೆ ಬರುವುದಿಲ್ಲ.

ಒಳ್ಳೆಯ ಅದಿರು ಎಲ್ಲ ಕಡೆ ಕರಗುತ್ತಾ ಬಂದಿದೆ. ಭಾರತದಲ್ಲಿ ಹಿಂದೆ ಹೆಮಟೈಟ್ ಅದಿರೆಂದು ಲೆಕ್ಕಕ್ಕೆ ತೆಗೆದುಕೊಳ್ಳಲು ಕನಿಷ್ಠ 55 ಶೇಕಡಾ ಕಬ್ಬಿಣ ಇರಬೇಕಿತ್ತು. 2009ರಲ್ಲಿ ಭಾರತೀಯ ಗಣಿ ಬ್ಯೂರೋ ಆ ಮಿತಿಯನ್ನು 45 ಶೇಕಡಾಕ್ಕೆ ಇಳಿಸಿತು. ಅಂದರೆ ಒಂದು ಕಾಲದಲ್ಲಿ ಕಸವೆಂದು ಬದಿಗೆ ಸುರಿದದ್ದೇ ಈಗ ಅದಿರು. ಅದನ್ನು ಬಳಸಬೇಕಾದರೆ ಮೊದಲು ಪುಡಿ ಮಾಡಿ, ಕಬ್ಬಿಣದ ಕಣವನ್ನೂ ಕಲ್ಲಿನ ಕಣವನ್ನೂ ಬೇರ್ಪಡಿಸಬೇಕು.

ಮ್ಯಾಗ್ನೆಟ್ ಹಿಡಿದರೆ ಸಾಲದೇ?

ಮ್ಯಾಗ್ನೆಟೈಟ್ ಆದರೆ ಸಾಕು. ಮನೆಯ ಸ್ಪೀಕರ್‌ನ ಮ್ಯಾಗ್ನೆಟ್‌ಗೂ ಅದು ಅಂಟಿಕೊಳ್ಳುತ್ತದೆ. ಹೆಮಟೈಟ್ ಹಾಗಲ್ಲ, ಅದರ ಕಾಂತೀಯ ಗುಣ ತೀರಾ ದುರ್ಬಲ. ಅದಕ್ಕೆ ಬಹಳ ಬಲವಾದ ವಿದ್ಯುತ್ಕಾಂತದ ಯಂತ್ರಗಳೇ ಬೇಕು.

ಇನ್ನೊಂದು ದಾರಿ ತೂಕ. ಹೆಮಟೈಟ್ ನೀರಿಗಿಂತ 5 ಪಟ್ಟಿಗೂ ಸ್ವಲ್ಪ ಹೆಚ್ಚು ಭಾರ, ಬೆಣಚುಕಲ್ಲು ಸುಮಾರು 2.65 ಪಟ್ಟು. ಮೊರದಲ್ಲಿ ಅಕ್ಕಿ ಕೇರಿದಂತೆ ನೀರಿನಲ್ಲಿ ಕುಲುಕಿ ಬೇರ್ಪಡಿಸಬಹುದು. ಭಾರತದ ಹೆಮಟೈಟ್ ಘಟಕಗಳಲ್ಲಿ ತೊಳೆಯುವುದು, ಹೀಗೆ ತೂಕದಿಂದ ಬೇರ್ಪಡಿಸುವುದು, ಬಲವಾದ ಕಾಂತಗಳು ಇವೇ ಹೆಚ್ಚು ಬಳಕೆಯಲ್ಲಿವೆ.

ಕಣ ಸಣ್ಣದಾಗುತ್ತಾ ಹೋದಂತೆ ಈ ಎರಡೂ ದಾರಿ ಸೋಲುತ್ತವೆ. ನಮ್ಮ ತಲೆಕೂದಲಿನ ದಪ್ಪ ಸುಮಾರು 50ರಿಂದ 100 ಮೈಕ್ರಾನ್. ಅದಿರಿನ ಕಣ 10 ಮೈಕ್ರಾನ್‌ಗೆ ಇಳಿದರೆ ಭಾರವಾದದ್ದೂ ಹಗುರವಾದದ್ದೂ ಒಂದೇ ರೀತಿ ನೀರಿನಲ್ಲಿ ತೇಲಾಡುತ್ತವೆ. ಮೊರದಲ್ಲಿ ಅಕ್ಕಿ ಕೇರಬಹುದು, ಮೈದಾ ಹಿಟ್ಟನ್ನಲ್ಲ. ನೊರೆ ಬೇಕಾಗುವುದು ಇಲ್ಲಿ.

ಭಾರವಾದ ಕಲ್ಲು ನೊರೆಯಲ್ಲಿ ತೇಲುತ್ತದಾ?

ತೇಲುತ್ತದೆ. ಕೆಸುವಿನ ಎಲೆಯ ಮೇಲೆ ನೀರು ಅಂಟದೆ ಮುತ್ತಿನಂತೆ ಉರುಳುವುದನ್ನು ನೋಡಿರುತ್ತೀರಿ. ಆ ಎಲೆಯ ಮೈಗೆ ನೀರು ಆಗದು. ಒಂದು ಖನಿಜದ ಕಣದ ಮೈಯನ್ನೂ ಹಾಗೆ ನೀರಿಗೆ ಆಗದಂತೆ ಮಾಡಿ, ಆ ನೀರಿಗೆ ಗಾಳಿಯ ಗುಳ್ಳೆ ಬಿಟ್ಟರೆ, ಕಣ ಗುಳ್ಳೆಗೆ ಅಂಟಿಕೊಂಡು ಮೇಲೆ ಬರುತ್ತದೆ. ನೀರನ್ನು ಇಷ್ಟಪಡುವ ಕಣ ಕೆಳಗೇ ಉಳಿಯುತ್ತದೆ. ಇದೇ ಫ್ರಾತ್ ಫ್ಲೋಟೇಶನ್, ನೊರೆ ತೇಲಿಕೆ. ಇಲ್ಲಿ ತೀರ್ಮಾನವಾಗುವುದು ಕಣದ ತೂಕದಿಂದಲ್ಲ, ಅದರ ಮೈಯ ಗುಣದಿಂದ.

ಪಿಯುಸಿ ಪುಸ್ತಕದಲ್ಲಿ ಇದನ್ನು ಸಲ್ಫೈಡ್ ಅದಿರಿನ ವಿಧಾನವೆಂದು ಓದಿದವರಿಗೆ ಕಬ್ಬಿಣದ ಜೊತೆ ಇದರ ಹೆಸರು ಕೇಳಿ ಅಚ್ಚರಿಯಾಗಬಹುದು. ಪುಸ್ತಕ ತಪ್ಪಲ್ಲ, ತಾಮ್ರ, ಸತುವಿನ ಸಲ್ಫೈಡ್ ಅದಿರುಗಳಿಗೆ ಇದೇ ಮುಖ್ಯ ದಾರಿ. ಕಬ್ಬಿಣಕ್ಕೂ ಬಳಸುತ್ತಾರೆ, ಆದರೆ ಹೆಚ್ಚಾಗಿ ತಲೆಕೆಳಗಾಗಿ. ಕಬ್ಬಿಣವನ್ನು ತೇಲಿಸುವುದಿಲ್ಲ. ಬೆಣಚುಕಲ್ಲಿನ ಪುಡಿಯನ್ನು ನೊರೆಯಲ್ಲಿ ತೇಲಿಸಿ ಹೊರಗೆ ಹಾಕುತ್ತಾರೆ, ಕಬ್ಬಿಣದ ಖನಿಜ ಕೆಳಗೆ ಉಳಿಯುತ್ತದೆ. ಇದಕ್ಕೆ ರಿವರ್ಸ್ ಫ್ಲೋಟೇಶನ್ ಎಂದು ಹೆಸರು.

ಗಂಜಿ ಎಲ್ಲಿ ಬಂತು?

ಬೆಣಚುಕಲ್ಲನ್ನು ತೇಲಿಸಲು ಅಮೈನ್ ಎಂಬ ರಾಸಾಯನಿಕ ಹಾಕುತ್ತಾರೆ. ನೀರಿನ ಪಿಎಚ್ ಅನ್ನು 10ರ ಆಸುಪಾಸಿಗೆ ಏರಿಸಿದಾಗ ಬೆಣಚುಕಲ್ಲಿನ ಮೈ ಋಣ ವಿದ್ಯುದಂಶ ಪಡೆಯುತ್ತದೆ. ಅಮೈನ್‌ನ ತಲೆ ಧನ ವಿದ್ಯುದಂಶದ್ದು, ಅದು ಹೋಗಿ ಅಂಟಿಕೊಳ್ಳುತ್ತದೆ. ಅಮೈನ್‌ನ ಬಾಲ ಎಣ್ಣೆಯಂಥದ್ದು, ಅದು ಹೊರಗೆ ಚಾಚಿಕೊಂಡು ಕಣವನ್ನು ಕೆಸುವಿನ ಎಲೆಯಂತೆ ಮಾಡುತ್ತದೆ.

ತೊಂದರೆ ಏನೆಂದರೆ, ಅದೇ ಪಿಎಚ್‌ನಲ್ಲಿ ಹೆಮಟೈಟ್‌ನ ಮೈಯೂ ಋಣ ವಿದ್ಯುದಂಶದ್ದೇ. ಅಮೈನ್ ಅದಕ್ಕೂ ಅಂಟುತ್ತದೆ. ಸುಮ್ಮನೆ ಬಿಟ್ಟರೆ ಕಲ್ಲಿನ ಜೊತೆ ಕಬ್ಬಿಣವೂ ತೇಲಿ ಕಸಕ್ಕೆ ಹೋಗುತ್ತದೆ.

ಅದಕ್ಕೇ ಅಮೈನ್ ಹಾಕುವ ಮೊದಲು ಗಂಜಿ ಹಾಕುತ್ತಾರೆ. ಪಿಷ್ಟ ಎಂದರೆ ಸಾವಿರಾರು ಗ್ಲೂಕೋಸ್ ಅಣುಗಳು ಮಾಲೆಯಾಗಿ ಕಟ್ಟಿಕೊಂಡ ಪಾಲಿಮರ್. ಅದರಲ್ಲಿ ನೇರ ಸರಪಳಿಯ ಅಮೈಲೋಸ್, ಕೊಂಬೆಕೊಂಬೆಯಾಗಿರುವ ಅಮೈಲೋಪೆಕ್ಟಿನ್ ಎಂಬ ಎರಡು ಬಗೆ ಇವೆ. ಒಣ ಹಿಟ್ಟು ನೀರಿನಲ್ಲಿ ಕರಗದು. ಮನೆಯಲ್ಲಿ ಕುದಿಸಿ ಗಂಜಿ ಮಾಡುತ್ತೇವೆ. ಘಟಕದಲ್ಲಿ ಸಾಮಾನ್ಯವಾಗಿ ಕಾಸ್ಟಿಕ್ ಸೋಡಾ ಬೆರೆಸಿ ಅದೇ ಕೆಲಸ ಮಾಡುತ್ತಾರೆ. ಪಿಷ್ಟದ ಕಾಳು ಒಡೆದು ಸರಪಳಿಗಳು ಬಿಚ್ಚಿಕೊಳ್ಳುತ್ತವೆ.

ಈ ಸರಪಳಿಗೆ ಕಬ್ಬಿಣದ ಖನಿಜದ ಮೈ ಎಂದರೆ ವಿಶೇಷ ಒಲವು. ಹತ್ತಿ ಸೀರೆಗೆ ಗಂಜಿ ಹಾಕಿದರೆ ನೂಲಿಗೆ ಹಿಡಿದುಕೊಳ್ಳುತ್ತದಲ್ಲ, ಹಾಗೆ ಹೆಮಟೈಟ್ ಕಣದ ಸುತ್ತ ಪಿಷ್ಟ ಹಿಡಿದುಕೊಳ್ಳುತ್ತದೆ. ಬೆಣಚುಕಲ್ಲಿನ ಮೇಲೆ ಅಷ್ಟಾಗಿ ನಿಲ್ಲುವುದಿಲ್ಲ. ಪಿಷ್ಟದ ಹೊದಿಕೆ ನೀರನ್ನು ಇಷ್ಟಪಡುವಂಥದ್ದು. ಆಮೇಲೆ ಅಮೈನ್ ಬಂದರೂ ಹೆಮಟೈಟ್ ಗುಳ್ಳೆಗೆ ಅಂಟುವುದಿಲ್ಲ, ಕೆಳಗೇ ಉಳಿಯುತ್ತದೆ. ಹೀಗೆ ತೇಲದಂತೆ ತಡೆಯುವ ವಸ್ತುವನ್ನು ಡಿಪ್ರೆಸೆಂಟ್ ಎನ್ನುತ್ತಾರೆ.

ಪ್ರಮಾಣ ಎಷ್ಟು? ಒಂದು ಟನ್ ಅದಿರಿಗೆ ಪಿಷ್ಟ ಸಾಮಾನ್ಯವಾಗಿ ಕೆಲವು ನೂರು ಗ್ರಾಂ. ವರ್ಷಕ್ಕೆ ಕೋಟಿ ಟನ್ ಅದಿರು ಸಂಸ್ಕರಿಸುವ ಘಟಕವಾದರೆ ಲೆಕ್ಕ ಸಾವಿರಾರು ಟನ್ ಪಿಷ್ಟಕ್ಕೆ ಹೋಗುತ್ತದೆ. ಮೊದಲು ಹೇಳಿದ ಆ ನಗು ಬರಿಸುವ ಸಾಲು ಸುಳ್ಳಲ್ಲ.

ಪಾಲಿಮರ್ ಎಂದರೆ ಪ್ಲಾಸ್ಟಿಕ್ ಅಲ್ಲವೇ?

ಎಲ್ಲ ಪ್ಲಾಸ್ಟಿಕ್ಕೂ ಪಾಲಿಮರ್, ಆದರೆ ಎಲ್ಲ ಪಾಲಿಮರ್ ಪ್ಲಾಸ್ಟಿಕ್ ಅಲ್ಲ. ಸಣ್ಣ ಅಣುಗಳು ಸರಪಳಿಯಾಗಿ ಸೇರಿದರೆ ಅದು ಪಾಲಿಮರ್. ಅಕ್ಕಿಯ ಪಿಷ್ಟ, ಹತ್ತಿಯ ನೂಲು, ರೇಷ್ಮೆ, ನಮ್ಮ ದೇಹದ ಪ್ರೋಟೀನ್, ಡಿಎನ್‌ಎ ಎಲ್ಲವೂ ಪಾಲಿಮರ್‌ಗಳೇ. ಪಿವಿಸಿ ಪೈಪ್ ಕೂಡ ಪಾಲಿಮರ್. ಹಾಗಾಗಿ "ಪಾಲಿಮರ್ ಹಾಕಿದ್ದಾರೆ" ಎಂಬ ಮಾತಿನಿಂದ ಅದು ಒಳ್ಳೆಯದೋ ಕೆಟ್ಟದ್ದೋ ತಿಳಿಯುವುದಿಲ್ಲ. ಯಾವ ಪಾಲಿಮರ್, ಎಷ್ಟು, ಕೊನೆಗೆ ಎಲ್ಲಿ ಹೋಗುತ್ತದೆ ಎಂದು ಕೇಳಬೇಕು.

ಅದಿರಿನ ಘಟಕದಲ್ಲಿ ಪಾಲಿಮರ್‌ಗಳಿಗೆ ಮೂರು ಕೆಲಸ:

• ತಡೆಯುವುದು: ಕಬ್ಬಿಣದ ಕಣ ತೇಲದಂತೆ ಹೊದಿಕೆಯಾಗುವುದು. ಪಿಷ್ಟದ ಮುಖ್ಯ ಕೆಲಸ ಇದೇ.

• ಆಯ್ದು ಗುಂಪು ಮಾಡುವುದು: ತೀರಾ ನುಣ್ಣನೆಯ ಕಬ್ಬಿಣದ ಕಣಗಳನ್ನಷ್ಟೇ ಒಂದಕ್ಕೊಂದು ಕಟ್ಟಿ ದೊಡ್ಡ ಮುದ್ದೆ ಮಾಡುವುದು, ಉಳಿದ ಮಣ್ಣನ್ನು ನೀರಿನೊಂದಿಗೆ ಹರಿಯಲು ಬಿಡುವುದು.

• ನೀರು ತಿಳಿಯಾಗಿಸುವುದು: ಕೊನೆಗೆ ಉಳಿದ ಕೆಸರನ್ನು ಬೇಗ ತಳಕ್ಕೆ ಇಳಿಸಿ ನೀರನ್ನು ವಾಪಸ್ ಪಡೆಯುವುದು. ಇಲ್ಲಿ ಹೆಚ್ಚಾಗಿ ಬಳಸುವುದು ಪಾಲಿಅಕ್ರಿಲಮೈಡ್ ಎಂಬ ಕೃತಕ ಪಾಲಿಮರ್.

ಮೂರನೆಯದು ನಮಗೆ ಹೊಸತಲ್ಲ. ಕಲಕು ನೀರಿಗೆ ಚಿಲ್ಲದ ಬೀಜ ತೇಯ್ದು ಹಾಕಿ ತಿಳಿಯಾಗಿಸುವ ಹಳೆಯ ಪದ್ಧತಿ ನಮ್ಮ ಹಳ್ಳಿಗಳಲ್ಲಿತ್ತು. ಆ ಬೀಜದಲ್ಲಿರುವ ಉದ್ದನೆಯ ಸರಪಳಿಯ ಅಣುಗಳು ಮಣ್ಣಿನ ಕಣಗಳನ್ನು ಹಿಡಿದು ಕೆಳಗೆ ಎಳೆಯುತ್ತವೆ.

ಎರಡನೆಯ ಕೆಲಸಕ್ಕೆ ಹೆಸರಾಂತ ಉದಾಹರಣೆ ಅಮೆರಿಕದ ಮಿಶಿಗನ್ ರಾಜ್ಯದ ಟಿಲ್ಡನ್ ಗಣಿ. ಅಲ್ಲಿನ ಹೆಮಟೈಟ್ ಕಲ್ಲಿನೊಳಗೆ ಎಷ್ಟು ನುಣ್ಣಗೆ ಬೆರೆತಿದೆಯೆಂದರೆ ಸುಮಾರು 25 ಮೈಕ್ರಾನ್‌ವರೆಗೆ ಅರೆಯದೆ ಬಿಡುಗಡೆ ಆಗದು. ಅಂಥ ಪುಡಿಯಿಂದ ಕಬ್ಬಿಣ ತೆಗೆಯುವುದು ಲಾಭವಿಲ್ಲದ ಕೆಲಸ ಎನ್ನಿಸಿತ್ತು. ಅಮೆರಿಕದ ಗಣಿ ಬ್ಯೂರೋದ ಸಂಶೋಧನೆಯ ಆಧಾರದ ಮೇಲೆ 1974ರಲ್ಲಿ ಅಲ್ಲಿ ಹೊಸ ವಿಧಾನ ಶುರುವಾಯಿತು. ಮೊದಲು ಎಲ್ಲ ಕಣಗಳನ್ನೂ ನೀರಿನಲ್ಲಿ ಬಿಡಿಬಿಡಿ ಮಾಡುತ್ತಾರೆ. ನಂತರ ಜೋಳದ ಪಿಷ್ಟ ಹಾಕಿ ಹೆಮಟೈಟ್ ಅನ್ನು ಮಾತ್ರ ಮುದ್ದೆ ಕಟ್ಟಿಸಿ ಕೆಳಗಿಳಿಸುತ್ತಾರೆ. ನುಣ್ಣನೆಯ ಕಲ್ಲಿನ ಪುಡಿ ಮೇಲಿನ ನೀರಿನೊಂದಿಗೆ ಹರಿದುಹೋಗುತ್ತದೆ. ಉಳಿದ ಕಲ್ಲನ್ನು ಅಮೈನ್ ಹಾಕಿ ತೇಲಿಸುತ್ತಾರೆ.

ಹಾಗಾದರೆ ಸಮಸ್ಯೆ ಮುಗಿಯಿತೇ?

ಇಲ್ಲ. ಕಬ್ಬಿಣ ಮತ್ತು ಬೆಣಚುಕಲ್ಲು ಎರಡೇ ಇದ್ದರೆ ಪಿಷ್ಟ ಚೆನ್ನಾಗಿ ಆಯ್ಕೆ ಮಾಡುತ್ತದೆ. ಭಾರತದ ಹೆಮಟೈಟ್ ಅದಿರಿನಲ್ಲಿ ಕಾಟ ಕೊಡುವುದು ಅಲ್ಯುಮಿನಾ ಇರುವ ಜೇಡಿಮಣ್ಣು, ಗಿಬ್ಸೈಟ್‌ನಂಥ ಖನಿಜಗಳು. ಇವುಗಳ ಮೈಗೂ ಪಿಷ್ಟ ಅಂಟುತ್ತದೆ. ಕಬ್ಬಿಣಕ್ಕೆಂದು ಹಾಕಿದ ರಕ್ಷಣೆ ಕಸಕ್ಕೂ ಸಿಕ್ಕಂತಾಯಿತು.

ಜೇಡಿಯ ನುಣ್ಣನೆಯ ಕಣಗಳು ದೊಡ್ಡ ಕಣಗಳ ಮೈಗೆ ಲೇಪದಂತೆ ಮೆತ್ತಿಕೊಳ್ಳುತ್ತವೆ, ಹಾಕಿದ ಅಮೈನ್ ಅನ್ನೂ ಹೀರಿಕೊಳ್ಳುತ್ತವೆ. ಹಾಗೆಂದು ಪಿಷ್ಟ ಜಾಸ್ತಿ ಹಾಕಿದರೆ ಮುದ್ದೆಗಳ ಒಳಗೆ ಕಲ್ಲಿನ ಕಣಗಳೂ ಸಿಕ್ಕಿಕೊಳ್ಳುತ್ತವೆ. ನೀರು ಗಡಸಾಗಿದ್ದರೆ ಅದರ ಕ್ಯಾಲ್ಸಿಯಂ ಕೂಡ ಈ ಆಯ್ಕೆಯನ್ನು ಕೆಡಿಸಬಹುದು.

ಹಾಗಾಗಿ ಎಷ್ಟೋ ಘಟಕಗಳು ಸುಲಭದ ದಾರಿ ಹಿಡಿಯುತ್ತವೆ. ಸುಮಾರು 10 ಮೈಕ್ರಾನ್‌ಗಿಂತ ನುಣ್ಣನೆಯದನ್ನು ನೊರೆ ತೇಲಿಕೆಗೆ ಮೊದಲೇ ಬೇರ್ಪಡಿಸಿ ಹೊರಗೆ ಹಾಕುತ್ತವೆ. ಇದಕ್ಕೆ ಸ್ಲೈಮ್ ಎನ್ನುತ್ತಾರೆ. ಅದರೊಳಗೆ ಸಾಕಷ್ಟು ಕಬ್ಬಿಣವೂ ಇರುತ್ತದೆ, ಅದೂ ಕೆಸರಿನ ಹೊಂಡ ಸೇರುತ್ತದೆ.

ಸಂಶೋಧನೆ ನಡೆದಿರುವುದು ಇಲ್ಲೇ: ಹೆಮಟೈಟ್ ಅನ್ನು ಹಿಡಿದು ಜೇಡಿಯನ್ನು ಬಿಡುವ ಪಾಲಿಮರ್ ಬೇಕು. ಬೇರೆ ಬೇರೆ ಬಗೆಯ ಪಿಷ್ಟ, ಗೌರಿಕಾಯಿ ಜಾತಿಯ ಬೀಜದಿಂದ ಬರುವ ಗ್ವಾರ್ ಗಮ್, ಸೆಲ್ಯುಲೋಸ್‌ನಿಂದ ಮಾಡಿದ ಸಿಎಂಸಿ, ಕಬ್ಬಿಣವನ್ನು ಹಿಡಿಯುವ ಹೈಡ್ರಾಕ್ಸಮೇಟ್ ಗುಂಪುಗಳನ್ನು ಜೋಡಿಸಿದ ಕೃತಕ ಪಾಲಿಮರ್‌ಗಳು ಹೀಗೆ ಹಲವನ್ನು ಪರೀಕ್ಷಿಸಿದ್ದಾರೆ.

ಈ ಕ್ಷೇತ್ರಕ್ಕೆ ಬೆಂಗಳೂರಿನ ನಂಟೂ ಇದೆ. ಖನಿಜದ ಮೈಗೆ ಪಾಲಿಮರ್ ಹೇಗೆ ಅಂಟುತ್ತದೆ ಎಂಬ ಅಧ್ಯಯನದಲ್ಲಿ ಜಗತ್ತಿಗೇ ಹೆಸರಾದ ಪಿ. ಸೋಮಸುಂದರನ್ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಮುಂದೆ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದವರು. ಅದೇ ಸಂಸ್ಥೆಯ ಕೆ.ಎ. ನಟರಾಜನ್ ಮತ್ತು ಅವರ ತಂಡ 1990ರ ದಶಕದಲ್ಲಿ ಇನ್ನೊಂದು ದಾರಿ ತೋರಿಸಿತು. ಬ್ಯಾಸಿಲಸ್ ಪಾಲಿಮಿಕ್ಸಾ ಎಂಬ ಬ್ಯಾಕ್ಟೀರಿಯಾ ತಾನೇ ತಯಾರಿಸುವ ಸಕ್ಕರೆಯ ಸರಪಳಿಗಳು ಹೆಮಟೈಟ್‌ಗೂ, ಪ್ರೋಟೀನ್‌ಗಳು ಬೆಣಚುಕಲ್ಲಿಗೂ ಹೆಚ್ಚು ಒಲಿಯುತ್ತವೆ, ಇದರಿಂದ ಎರಡನ್ನೂ ಬೇರ್ಪಡಿಸಬಹುದು ಎಂದು ಪ್ರಯೋಗಾಲಯದಲ್ಲಿ ಕಂಡುಕೊಂಡರು.

ಕೆಸರಿನ ಬಗ್ಗೆ ಇಷ್ಟು ಚಿಂತೆ ಯಾಕೆ?

ಪ್ರತ್ಯೇಕಿಸಿ ಉಳಿದದ್ದೆಲ್ಲ ನೀರಿನ ಜೊತೆ ಟೇಲಿಂಗ್ಸ್ ಹೊಂಡಕ್ಕೆ ಹೋಗುತ್ತದೆ. ಆ ಹೊಂಡವನ್ನು ಹಿಡಿದಿಡುವುದು ಒಂದು ಅಣೆಕಟ್ಟು.

2015ರ ನವೆಂಬರ್ 5ರಂದು ಬ್ರೆಜಿಲ್‌ನ ಮಿನಾಸ್ ಜೆರೈಸ್ ರಾಜ್ಯದಲ್ಲಿ ಸಮಾರ್ಕೋ ಕಂಪನಿಯ ಫುಂಡಾವ್ ಅಣೆಕಟ್ಟು ಒಡೆಯಿತು. 19 ಜನ ಸತ್ತರು. ಬೆಂಟೊ ರೊಡ್ರಿಗಸ್ ಎಂಬ ಊರು ಕೆಸರಿನಡಿ ಮುಚ್ಚಿತು. ಕೆಂಪು ಕೆಸರು ದೋಸೆ ನದಿಯಲ್ಲಿ ನೂರಾರು ಕಿಲೋಮೀಟರ್ ಹರಿದು ಅಟ್ಲಾಂಟಿಕ್ ಸಾಗರ ಸೇರಿತು. ಕಾರಣ ಹುಡುಕಿದ ತಜ್ಞರ ಸಮಿತಿ ಹೇಳಿದ್ದು ಯಾವುದೋ ವಿಷದ ಕಥೆಯಲ್ಲ. ನೀರು ಬಸಿದುಹೋಗುವ ಮರಳು ಇರಬೇಕಾದ ಜಾಗಕ್ಕೆ, ನೀರು ಬಸಿಯದ ನುಣ್ಣನೆಯ ಸ್ಲೈಮ್ ಸೇರಿಕೊಂಡಿತ್ತು. ಭಾರ ಬಿದ್ದಾಗ ಆ ಮೆತ್ತನೆಯ ಪದರ ಜರುಗಿತು, ನೀರು ತುಂಬಿದ ಮರಳು ದ್ರವದಂತೆ ಹರಿಯಿತು. ನಾಲ್ಕು ವರ್ಷವೂ ತುಂಬುವ ಮೊದಲೇ, 2019ರ ಜನವರಿ 25ರಂದು, ಅದೇ ರಾಜ್ಯದ ಬ್ರುಮಾಡಿನ್ಯೊದಲ್ಲಿ ವಾಲೆ ಕಂಪನಿಯ ಇನ್ನೊಂದು ಟೇಲಿಂಗ್ಸ್ ಅಣೆಕಟ್ಟು ಒಡೆದು 270 ಜನ ಪ್ರಾಣ ಕಳೆದುಕೊಂಡರು.

ನಮ್ಮಲ್ಲೂ ಇಂಥ ಅಣೆಕಟ್ಟು ಇದೆ. ಕುದುರೆಮುಖದ ಗಣಿಗಾರಿಕೆ ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಕೊನೆಗೆ ನಿಂತಿತು. ಆದರೆ ಅಲ್ಲಿನ ಟೇಲಿಂಗ್ಸ್ ಹಿಡಿದಿಟ್ಟಿರುವ, ಸುಮಾರು 100 ಮೀಟರ್ ಎತ್ತರದ ಲಕ್ಯಾ ಅಣೆಕಟ್ಟು ಇಂದಿಗೂ ಆ ಕಾಡಿನ ನಡುವೆ ಇದೆ. ಗಣಿ ಮುಚ್ಚಬಹುದು, ಕೆಸರನ್ನು ಕಾಯುವ ಕೆಲಸ ಮುಗಿಯುವುದಿಲ್ಲ.

ಪಾಲಿಮರ್‌ನ ನಿಜವಾದ ಮಹತ್ವ ಇಲ್ಲಿದೆ. ಆಯ್ಕೆ ಸರಿಯಾಗಿ ಮಾಡುವ ಪಾಲಿಮರ್ ಇದ್ದರೆ ಅಷ್ಟೇ ಅದಿರಿನಿಂದ ಹೆಚ್ಚು ಕಬ್ಬಿಣ ಬರುತ್ತದೆ, ಹೊಂಡಕ್ಕೆ ಹೋಗುವುದು ಕಡಿಮೆಯಾಗುತ್ತದೆ. ಕೆಸರನ್ನು ಬೇಗ ಗಟ್ಟಿ ಮಾಡುವ ಪಾಲಿಮರ್ ಇದ್ದರೆ ನೀರು ಮರುಬಳಕೆಗೆ ಸಿಗುತ್ತದೆ. ಕೆಸರನ್ನು ಇನ್ನಷ್ಟು ಹಿಂಡಿ ಒಣ ರಾಶಿಯಾಗಿ ಪೇರಿಸುವ ದಾರಿಯೂ ತೆರೆಯುತ್ತದೆ. ಆದರೆ ಸರಿಯಾಗಿ ಕಟ್ಟದ ಅಣೆಕಟ್ಟನ್ನು ಯಾವ ಪಾಲಿಮರ್ರೂ ಉಳಿಸುವುದಿಲ್ಲ.

ಇದು ವಿಷವೇ? ಒಂದೊಂದಾಗಿ ನೋಡಿ

• ಪಿಷ್ಟ: ಆಹಾರದ ವಸ್ತು, ವಿಷವಲ್ಲ. ಆದರೂ ಹೆಚ್ಚಾಗಿ ಹಳ್ಳಕ್ಕೆ ಸೇರಿದರೆ ಸೂಕ್ಷ್ಮಜೀವಿಗಳು ಅದನ್ನು ತಿನ್ನುವಾಗ ನೀರಿನ ಆಮ್ಲಜನಕ ಖರ್ಚಾಗುತ್ತದೆ, ಮೀನುಗಳಿಗೆ ತೊಂದರೆ. "ನೈಸರ್ಗಿಕ" ಎಂದರೆ "ಏನೂ ಆಗದು" ಎಂದಲ್ಲ.

• ಅಮೈನ್: ಇದು ಪಾಲಿಮರ್ ಅಲ್ಲ, ಆದರೆ ಹೆಚ್ಚು ಎಚ್ಚರ ಬೇಕಾದದ್ದು ಇದರ ಬಗ್ಗೆಯೇ. ಜಲಚರಗಳಿಗೆ ಹಾನಿಕರ. ಪಿಷ್ಟಕ್ಕಿಂತ ಬಹಳ ಕಡಿಮೆ ಪ್ರಮಾಣದಲ್ಲಿ ಬಳಸುತ್ತಾರೆ, ಹೊರಬಿಡುವ ನೀರಿನಲ್ಲಿ ಇದನ್ನು ಪರೀಕ್ಷಿಸಬೇಕು.

• ಕಾಸ್ಟಿಕ್ ಸೋಡಾ: ನೀರನ್ನು ಕ್ಷಾರೀಯ ಮಾಡುತ್ತದೆ. ಪಿಎಚ್ ಸರಿಪಡಿಸದೆ ನೀರನ್ನು ಹೊರಬಿಟ್ಟರೆ ಹಾನಿ.

• ಪಾಲಿಅಕ್ರಿಲಮೈಡ್: ಈ ಪಾಲಿಮರ್ ವಿಷಕಾರಿಯಲ್ಲ. ಕುಡಿಯುವ ನೀರಿನ ಶುದ್ಧೀಕರಣ ಘಟಕಗಳಲ್ಲೂ ಇದರ ಬಳಕೆ ಇದೆ. ಅದನ್ನು ತಯಾರಿಸುವ ಬಿಡಿ ಅಣುವಾದ ಅಕ್ರಿಲಮೈಡ್ ಮಾತ್ರ ನರಗಳಿಗೆ ಹಾನಿಕರ, ಕ್ಯಾನ್ಸರ್ ತರುವ ಸಾಧ್ಯತೆ ಇರುವ ವಸ್ತುಗಳ ಪಟ್ಟಿಯಲ್ಲೂ ಇದೆ. ಪಾಲಿಮರ್‌ನಲ್ಲಿ ಅದರ ಅತಿ ಸಣ್ಣ ಉಳಿಕೆ ಇರಬಹುದು. ಅದಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿನಲ್ಲಿ ಅಕ್ರಿಲಮೈಡ್ ಒಂದು ಲೀಟರ್‌ಗೆ 0.5 ಮೈಕ್ರೋಗ್ರಾಂ ಮೀರಬಾರದು ಎಂದು ಮಾರ್ಗಸೂಚಿ ಕೊಟ್ಟಿದೆ. ಆಲೂಗಡ್ಡೆ ಚಿಪ್ಸ್ ಕಂದು ಬಣ್ಣಕ್ಕೆ ಬರುವಂತೆ ಕರಿದಾಗಲೂ ಇದೇ ಅಕ್ರಿಲಮೈಡ್ ಹುಟ್ಟುತ್ತದೆ.

ಚುಟುಕಾಗಿ

• ಕಬ್ಬಿಣದ ಅದಿರಿನ ಶುದ್ಧೀಕರಣಕ್ಕೆ ಗಂಜಿ ಬಳಸುತ್ತಾರೆ: ನಿಜ, ಎಲ್ಲ ಘಟಕಗಳಲ್ಲೂ ಅಲ್ಲ. ನೊರೆ ತೇಲಿಕೆ ಇರುವಲ್ಲಿ ಇದು ಸಾಮಾನ್ಯ.

• ನೊರೆಯಲ್ಲಿ ಕಬ್ಬಿಣ ತೇಲುತ್ತದೆ: ಬಹುತೇಕ ಕಡೆ ತಪ್ಪು. ಕಲ್ಲಿನ ಪುಡಿ ತೇಲುತ್ತದೆ, ಕಬ್ಬಿಣದ ಖನಿಜ ಕೆಳಗೆ ಉಳಿಯುತ್ತದೆ.

• ಪಾಲಿಮರ್ ಎಂದರೆ ವಿಷ, ಪ್ಲಾಸ್ಟಿಕ್: ತಪ್ಪು. ಹೆಸರು ನೋಡಿ ಹೇಳಲಾಗದು.

• ಗಣಿ ಕೆಸರಿನಿಂದ ಅಪಾಯವೇ ಇಲ್ಲ: ಇದೂ ತಪ್ಪು. ಬ್ರೆಜಿಲ್‌ನ ಆ ಎರಡು ದುರಂತಗಳಲ್ಲಿ ಜನರನ್ನು ಕೊಂದದ್ದು ಪಾಲಿಮರ್ ಅಲ್ಲ, ನೀರು ಬಸಿಯದೆ ನಿಂತ ಕೆಸರು ಮತ್ತು ಅದನ್ನು ಹಿಡಿದಿಡಲಾಗದ ಅಣೆಕಟ್ಟು.

ನಿಮ್ಮೂರಿನ ಹತ್ತಿರ ಅದಿರು ತೊಳೆಯುವ ಘಟಕ ಇದ್ದರೆ "ಕೆಮಿಕಲ್ ಹಾಕ್ತಾರಾ?" ಎಂದು ಕೇಳಬೇಡಿ, ಅದಕ್ಕೆ ಉತ್ತರ ಸಾಮಾನ್ಯವಾಗಿ ಹೌದು. ಯಾವ ರಾಸಾಯನಿಕ, ಟನ್‌ಗೆ ಎಷ್ಟು ಗ್ರಾಂ, ಬಳಸಿದ ನೀರು ಎಲ್ಲಿಗೆ ಹೋಗುತ್ತದೆ, ಕೆಸರಿನ ಕಟ್ಟೆಯನ್ನು ಕೊನೆಯ ಸಲ ಯಾರು ಯಾವಾಗ ಪರೀಕ್ಷಿಸಿದರು ಎಂದು ಕೇಳಿ. ಫಾರ್ವರ್ಡ್ ಮಾಡುವುದಾದರೆ ಈ ನಾಲ್ಕು ಪ್ರಶ್ನೆ ಮಾಡಿ.